ಜೋ ಲೂಯಿಸ್‌ನ ಲೆಕ್ಕ ಬರೆದಿಟ್ಟವರು ಯಾರು?

(ಉಡುಪಿಯ ಅಜ್ಜರಕಾಡು ಮೈದಾನದ ಹತ್ತಿರ, ಆಟಗಾರ ಮಕ್ಕಳು ಮತ್ತು ಅವರ ಮನೆಯವರು ಸೇರಿದ್ದ ಒಂದು ಸಂಜೆ ಮಾತಾಡಿದ್ದು. ರೆಕಾರ್ಡ್ ಕೇಳಿಕೊಂಡು ಬರೆದಿದ್ದೇನೆ. ಮಳೆಯ ಸದ್ದಿನಲ್ಲಿ ಮುಳುಗಿಹೋದ ಕೆಲವು ಮಾತುಗಳನ್ನು ನೆನಪಿನಿಂದ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳುತ್ತಾ ಉಂಟಾ? ಶೀಟಿನ ಮೇಲೆ ಮಳೆ ಜೋರಾಗಿದೆ. ಕೇಳದಿದ್ದರೆ ಕೈ ಎತ್ತಿ, ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.

ಕರೆದವರು "ಆಟಗಾರರಿಗೆ ದುಡ್ಡಿನ ಬಗ್ಗೆ ಏನಾದರೂ ಹೇಳಿ" ಅಂದಿದ್ದರು. 34 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು, ಅದಕ್ಕೇ ಕರೆದದ್ದು. ಆದರೆ ಇವತ್ತು ಬಡ್ಡಿದರದ ಪಟ್ಟಿ ತಂದಿಲ್ಲ. ಒಬ್ಬ ಬಾಕ್ಸರ್‌ನ ಕತೆ ತಂದಿದ್ದೇನೆ. ಅವನ ಹೆಸರು ಜೋ ಲೂಯಿಸ್.

ಮುಹಮ್ಮದ್ ಅಲಿ ನಿಮಗೆ ಗೊತ್ತು, ಟೈಸನ್ ಗೊತ್ತು. ಲೂಯಿಸ್ ಇವರಿಗಿಂತ ಹಿಂದಿನವನು. 1937ರ ಜೂನ್‌ನಲ್ಲಿ ಹೆವಿವೇಟ್ ಚಾಂಪಿಯನ್ ಆದ, 1949ರ ಮಾರ್ಚ್‌ನಲ್ಲಿ ತಾನಾಗಿಯೇ ಪಟ್ಟ ಬಿಟ್ಟ. ಹನ್ನೊಂದು ವರ್ಷ ಎಂಟು ತಿಂಗಳು! ಅಷ್ಟರಲ್ಲಿ 25 ಸಲ ಪಟ್ಟ ಉಳಿಸಿಕೊಂಡ. ಹೆವಿವೇಟ್‌ನಲ್ಲಿ ಇವೆರಡನ್ನೂ ಇವತ್ತಿನವರೆಗೆ ಯಾರೂ ಮುರಿದಿಲ್ಲ.

ನನಗೆ ಲೂಯಿಸ್ ಸಿಕ್ಕಿದ್ದು ಮಲ್ಪೆಯಲ್ಲಿ. ಹುಡುಗನಾಗಿದ್ದಾಗ ಬಂದರಿನ ಹತ್ತಿರ ಒಂದು ಹಳೇ ಗೋಡೌನಿನಲ್ಲಿ ಮೂರು ವರ್ಷ ಬಾಕ್ಸಿಂಗ್ ಕಲಿತೆ. ಕಲಿಸಿದವರು ನೌಕಾಪಡೆಯಿಂದ ನಿವೃತ್ತರಾಗಿ ಊರಿಗೆ ಬಂದವರು. ಒಳಗೆಲ್ಲ ಒಣಮೀನಿನ ವಾಸನೆ. ಮರಳು ತುಂಬಿದ ಗೋಣಿಚೀಲವೇ ನಮಗೆ ಪಂಚಿಂಗ್ ಬ್ಯಾಗ್. ನಾವು ಏಳೆಂಟು ಹುಡುಗರು, ಎರಡೇ ಜತೆ ಗ್ಲೌಸ್. ಅಭ್ಯಾಸ ಮುಗಿದ ಮೇಲೆ ಅವರು ಕೈಪಟ್ಟಿ ಸುರುಳಿ ಸುತ್ತುತ್ತಾ ಲೂಯಿಸ್‌ನ ಪಂದ್ಯಗಳನ್ನು ಹೇಳುತ್ತಿದ್ದರು, ಸುಮ್ನೆ ಹೇಳುವುದಲ್ಲ, ಎದ್ದು ನಿಂತು ಎರಡೂ ಕಡೆಯ ಬಾಕ್ಸರ್ ತಾವೇ ಆಗಿ ತೋರಿಸುತ್ತಿದ್ದರು. ಅವರು ಹೇಳಿದ್ದು ಗೆಲುವಿನ ಕತೆ ಮಾತ್ರ. ಉಳಿದದ್ದನ್ನು ನಾನು ಬ್ಯಾಂಕಿಗೆ ಸೇರಿದ ಮೇಲೆ ಓದಿ ತಿಳಿದುಕೊಂಡೆ. ಓದಿದ ದಿನ ನಿದ್ದೆ ಬರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಹುಟ್ಟಿದ್ದು 1914ರ ಮೇ 13ರಂದು, ಅಮೆರಿಕದ ಅಲಬಾಮಾ ರಾಜ್ಯದ ಒಂದು ಮೂಲೆಯಲ್ಲಿ. ಪೂರ್ತಿ ಹೆಸರು ಜೋಸೆಫ್ ಲೂಯಿಸ್ ಬ್ಯಾರೊ. ಎಂಟು ಮಕ್ಕಳಲ್ಲಿ ಏಳನೆಯವನು. ಅಪ್ಪ ಮನ್ರೋ ಬ್ಯಾರೊ ಬೇರೆಯವರ ಜಾಗದಲ್ಲಿ ಬೇಸಾಯ ಮಾಡುತ್ತಿದ್ದವರು. ನಮ್ಮ ಹಿರಿಯರು ಚಾಲಗೇಣಿ ಅನ್ನುತ್ತಿದ್ದರಲ್ಲ, ಹೆಚ್ಚುಕಡಿಮೆ ಆ ತರಹದ ಬದುಕು. ಬೆಳೆದವನ ಕೈಗೆ ಬೆಳೆ ಉಳಿಯುವುದಿಲ್ಲ. ಲೂಯಿಸ್‌ಗೆ ಎರಡು ವರ್ಷ ಆಗುವಾಗ ಅಪ್ಪನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಆಮೇಲೆ ಅವರು ತೀರಿಹೋದರು ಅಂತ ಮನೆಯವರು ತಿಳಿದುಕೊಂಡರು. ತಾಯಿ ಲಿಲ್ಲಿ ಬೇರೆ ಮದುವೆಯಾದರು. ಆದರೆ ಅಪ್ಪ ಸತ್ತಿರಲಿಲ್ಲ. 1938ರವರೆಗೂ ಬದುಕಿದ್ದರು. ಮಗ ಇಡೀ ಜಗತ್ತಿಗೆ ಚಾಂಪಿಯನ್ ಆದಾಗಲೂ ಅಪ್ಪ ಆಸ್ಪತ್ರೆಯ ಗೋಡೆಯೊಳಗೇ ಇದ್ದರು. ಈ ಆಸ್ಪತ್ರೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1926ರಲ್ಲಿ ಮನೆಯವರೆಲ್ಲ ಡೆಟ್ರಾಯಿಟ್‌ಗೆ ಬಂದರು. ಕಾರು ಕಾರ್ಖಾನೆಗಳ ಊರು. ನಮ್ಮವರು ಬೊಂಬಾಯಿ ಹೋಟೆಲುಗಳಿಗೆ ಹೋದ ಹಾಗೆ ಆ ಕಾಲದಲ್ಲಿ ದಕ್ಷಿಣದ ಕಪ್ಪು ಜನ ಉತ್ತರದ ಕಾರ್ಖಾನೆಗಳಿಗೆ ಹೋಗುತ್ತಿದ್ದರು. ಲೂಯಿಸ್ ಮರಗೆಲಸ ಕಲಿಯುವ ಶಾಲೆಗೆ ಸೇರಿದ. ತಾಯಿಗೆ ಮಗ ಪಿಟೀಲು ಕಲಿಯಬೇಕೆಂಬ ಆಸೆ, ಪಾಠಕ್ಕೆ ಅಂತ ಚಿಲ್ಲರೆ ಕೂಡಿಸಿ ಕೊಡುತ್ತಿದ್ದರು. ಹುಡುಗ ಅದನ್ನು ಬ್ರೂಸ್ಟರ್ ಸೆಂಟರ್‌ನ ಜಿಮ್‌ಗೆ ಕಟ್ಟಿದ. 1932ರಲ್ಲಿ ಮೊದಲ ಅಮೆಚೂರ್ ಪಂದ್ಯ. ಎದುರಾಳಿ ಒಲಿಂಪಿಕ್ಸ್ ಮಟ್ಟದ ಬಾಕ್ಸರ್. ಲೂಯಿಸ್ ಏಳು ಸಲ ಬಿದ್ದ. ಬಿಟ್ಟು ಕಾರ್ಖಾನೆ ಸೇರಿದ, ಆಮೇಲೆ ಮತ್ತೆ ಜಿಮ್‌ಗೇ ಬಂದ. 1934ರ ಜುಲೈ 4ಕ್ಕೆ ವೃತ್ತಿ ಬಾಕ್ಸಿಂಗ್‌ಗೆ ಇಳಿದ.

ಅವನ ಕೈ ಹಿಡಿದವರು ಮೂರು ಜನ. ಡೆಟ್ರಾಯಿಟ್‌ನ ಜಾನ್ ರಾಕ್ಸ್‌ಬರೊ, ಶಿಕಾಗೊದ ಜೂಲಿಯನ್ ಬ್ಲ್ಯಾಕ್, ಮತ್ತು ಕೋಚ್ ಜ್ಯಾಕ್ ಬ್ಲ್ಯಾಕ್‌ಬರ್ನ್. ಮೂವರೂ ಕಪ್ಪು ಜನ. ರಾಕ್ಸ್‌ಬರೊ ಅಂಕಿ ಜೂಜು ನಡೆಸುತ್ತಿದ್ದವನು, ನಮ್ಮ ಮಟ್ಕಾ ಇದ್ದ ಹಾಗೆ. ಬ್ಲ್ಯಾಕ್‌ಬರ್ನ್ ಹಳೇ ಬಾಕ್ಸರ್, ಕೊಲೆ ಕೇಸಿನಲ್ಲಿ ಜೈಲು ಕಂಡು ಬಂದವನು. ಎಂಥವರ ಕೈಗೆ ಸಿಕ್ಕಿದ ಅಂತ ನಿಮಗೆ ಅನ್ನಿಸಬಹುದು. ಆದರೆ ಬೇರೆ ಯಾವ ಬಾಗಿಲೂ ತೆರೆದಿರಲಿಲ್ಲ. ಇವರು ಹುಡುಗನನ್ನು ಮನಸಿಟ್ಟು ಬೆಳೆಸಿದರು, ಅದು ಸುಳ್ಳಲ್ಲ. ಅವನು ದುಡಿದದ್ದರಲ್ಲಿ ದೊಡ್ಡ ಪಾಲನ್ನೂ ತೆಗೆದುಕೊಂಡರು, ಅದೂ ಸುಳ್ಳಲ್ಲ.

ಬ್ಲ್ಯಾಕ್‌ಬರ್ನ್ ಕಲಿಸಿದ್ದು ಏನು ಅಂದರೆ... ಒಂದು ನಿಮಿಷ, ಮೈಕ್ ಹಿಡಿದುಕೊಳ್ಳಿ. ನನ್ನ ಕಾಲು ನೋಡಿ. ಲೂಯಿಸ್ ಕುಣಿಯುತ್ತಿರಲಿಲ್ಲ, ಹಾರುತ್ತಿರಲಿಲ್ಲ. ಹೀಗೆ ಪಾದ ಎಳೆದುಕೊಂಡು, ನೆಲ ಬಿಡದ ಹಾಗೆ, ಒಂದೊಂದೇ ಗೇಣು ಮುಂದೆ ಬರುತ್ತಿದ್ದ. ಎಡಗೈಯ ಜ್ಯಾಬ್ ಹೋಗಿ ಎದುರಾಳಿಯ ಮುಖಕ್ಕೆ ತಾಗುತ್ತದೆ, ಅದು ವಾಪಸ್ ಬರುವುದರೊಳಗೆ ಬಲಗೈ ಹೊರಟಿರುತ್ತದೆ. ಕೈಯನ್ನು ಹಿಂದೆ ಎಳೆದು ಬೀಸುವುದೇ ಇಲ್ಲ. ನೋಡಿ, ಇಷ್ಟೇ ದೂರ, ಗೇಣುದ್ದ. ಗುದ್ದಿನ ಬಲವೆಲ್ಲ ಸೊಂಟದಿಂದ, ನೆಲಕ್ಕೆ ಒತ್ತಿದ ಹಿಮ್ಮಡಿಯಿಂದ ಬರಬೇಕು. ಮುಖದಲ್ಲಿ ಮಾತ್ರ ಏನೂ ಕಾಣಬಾರದು. ಗೋಡೌನಿನಲ್ಲಿ ನಮ್ಮ ಗುರುಗಳು ಇದೊಂದನ್ನೇ ಮೂರು ತಿಂಗಳು ಮಾಡಿಸಿದ್ದರು.

ಆ ಮುಖದಲ್ಲಿ ಏನೂ ಕಾಣದಿರುವುದಕ್ಕೆ ಇನ್ನೊಂದು ಕಾರಣ ಇತ್ತು. ಲೂಯಿಸ್‌ಗಿಂತ ಮೊದಲು ಹೆವಿವೇಟ್ ಚಾಂಪಿಯನ್ ಆಗಿದ್ದ ಕಪ್ಪು ಮನುಷ್ಯ ಒಬ್ಬನೇ, ಜ್ಯಾಕ್ ಜಾನ್ಸನ್. 1908ರಿಂದ 1915ರವರೆಗೆ. ಅವನು ಬಿದ್ದವರನ್ನು ನೋಡಿ ನಗುತ್ತಿದ್ದ, ಬಿಳಿ ಹೆಂಗಸರನ್ನು ಮದುವೆಯಾದ. ಬಿಳಿಯರು ಅದನ್ನು ಮರೆಯಲೇ ಇಲ್ಲ, ಇನ್ನೊಬ್ಬ ಕಪ್ಪು ಬಾಕ್ಸರ್‌ಗೆ ಪಟ್ಟದ ಪಂದ್ಯ ಸಿಗಲು ಇಪ್ಪತ್ತೆರಡು ವರ್ಷ ಬೇಕಾಯಿತು. ಹಾಗಾಗಿ ಮ್ಯಾನೇಜರುಗಳು ಲೂಯಿಸ್‌ಗೆ ಕಟ್ಟಳೆ ಹಾಕಿದರು. ಬಿಳಿ ಹೆಂಗಸಿನ ಜೊತೆ ಫೋಟೊ ತೆಗೆಸಬಾರದು. ಒಬ್ಬನೇ ನೈಟ್‌ಕ್ಲಬ್‌ಗೆ ಹೋಗಬಾರದು. ಸೋತವನ ಮುಂದೆ ಹಿಗ್ಗಬಾರದು. ಇಪ್ಪತ್ತರ ಹುಡುಗ, ಗೆದ್ದಾಗ ನಗುವ ಹಾಗಿಲ್ಲ! ಅವನು ಅದನ್ನು ಎಷ್ಟು ಚೆನ್ನಾಗಿ ಪಾಲಿಸಿದನೆಂದರೆ ಜನ ಅವನಿಗೆ ಭಾವನೆಯೇ ಇಲ್ಲ ಅಂದುಕೊಂಡರು. ಹೊರಗೆ ಅಷ್ಟು ಬಿಗಿಯಾಗಿ ಕಟ್ಟಿಟ್ಟದ್ದು ಒಳಗೆ ಎಲ್ಲಾದರೂ ಸೋರುತ್ತದೆ, ಅಲ್ವಾ? ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಶ್ಮೆಲಿಂಗ್. ಇದನ್ನು ಹೇಳದೆ ಬಿಟ್ಟರೆ ನನ್ನ ಗುರುಗಳು ಮೇಲಿನಿಂದ ಬೈಯುತ್ತಾರೆ.

1936ರ ಜೂನ್ 19, ನ್ಯೂಯಾರ್ಕ್‌ನ ಯಾಂಕಿ ಸ್ಟೇಡಿಯಂ. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಮೊದಲು ಚಾಂಪಿಯನ್ ಆಗಿದ್ದವನು, ಅವನ ಕಾಲ ಮುಗಿಯಿತು ಅಂತ ಎಲ್ಲರೂ ತಿಳಿದಿದ್ದರು. ಲೂಯಿಸ್ ಆಗ ಹೊಸದಾಗಿ ಗಾಲ್ಫ್ ಹುಚ್ಚು ಹಿಡಿಸಿಕೊಂಡಿದ್ದ, ಅಭ್ಯಾಸ ಸಡಿಲವಾಗಿತ್ತು. ಶ್ಮೆಲಿಂಗ್ ಮಾತ್ರ ಲೂಯಿಸ್‌ನ ಪಂದ್ಯಗಳನ್ನು ಕೂತು ನೋಡಿ ಒಂದು ವಿಷಯ ಹಿಡಿದಿದ್ದ. ಜ್ಯಾಬ್ ಹೊಡೆದು ಕೈ ವಾಪಸ್ ತರುವಾಗ ಲೂಯಿಸ್ ಎಡಗೈಯನ್ನು ಕೆಳಗೆ ಬಿಡುತ್ತಾನೆ. ಕ್ಷಣಮಾತ್ರದ ಆ ಸಂದಿಯಲ್ಲಿ ಬಲಗೈ ಹೋಗುತ್ತದೆ. ಹನ್ನೆರಡನೇ ಸುತ್ತಿನಲ್ಲಿ ಲೂಯಿಸ್ ನಾಕೌಟ್. ವೃತ್ತಿ ಬಾಕ್ಸಿಂಗ್‌ನಲ್ಲಿ ಮೊದಲ ಸೋಲು. ಹಿಟ್ಲರ್‌ನ ಜನ ಅದನ್ನು ತಮ್ಮ ಜನಾಂಗದ ಗೆಲುವು ಅಂತ ಮೆರೆಸಿದರು.

ಒಂದು ವರ್ಷ ಕಳೆದ ಮೇಲೆ, 1937ರ ಜೂನ್ 22ರಂದು, ಲೂಯಿಸ್ ಜಿಮ್ ಬ್ರಾಡಕ್‌ನನ್ನು ಎಂಟನೇ ಸುತ್ತಿನಲ್ಲಿ ಕೆಡವಿ ಚಾಂಪಿಯನ್ ಆದ. ಆದರೆ ಶ್ಮೆಲಿಂಗ್‌ನನ್ನು ಸೋಲಿಸುವವರೆಗೆ ನನ್ನನ್ನು ಚಾಂಪಿಯನ್ ಅನ್ನಬೇಡಿ ಅಂತ ಹೇಳುತ್ತಿದ್ದ. 1938ರ ಜೂನ್ 22, ಅದೇ ಸ್ಟೇಡಿಯಂ, ಸುಮಾರು 70 ಸಾವಿರ ಜನ. ಯುದ್ಧದ ಮೋಡ ಕವಿದ ಕಾಲ. ಯಾವ ಅಮೆರಿಕ ಅವನಿಗೆ ಬಸ್ಸಿನಲ್ಲಿ, ಹೋಟೆಲಿನಲ್ಲಿ ಬೇರೆ ಜಾಗ ತೋರಿಸುತ್ತಿತ್ತೋ ಅದೇ ಅಮೆರಿಕ ಆ ರಾತ್ರಿ ಅವನನ್ನು ನಮ್ಮವನು ಅಂದಿತು. ಪಂದ್ಯ ನಡೆದದ್ದು 124 ಸೆಕೆಂಡು. ಶ್ಮೆಲಿಂಗ್ ಮೂರು ಸಲ ಬಿದ್ದ. ಪಕ್ಕೆಗೆ ಬಿದ್ದ ಒಂದು ಗುದ್ದಿಗೆ ಅವನು ಹಗ್ಗ ಹಿಡಿದು ಕಿರುಚಿದ್ದು ದೂರದವರಿಗೂ ಕೇಳಿಸಿತಂತೆ. ಆ ಕಿರುಚಾಟ ಒಂದನ್ನು ಮಾತ್ರ ನಮ್ಮ ಗುರುಗಳು ನಟಿಸಿ ತೋರಿಸುತ್ತಿರಲಿಲ್ಲ. ಅಲ್ಲಿಗೆ ಬಂದಾಗ ಸುಮ್ಮನೆ ನಿಂತುಬಿಡುತ್ತಿದ್ದರು.

ಒಂದು ವಿಷಯ ಸೇರಿಸಬೇಕು. ಶ್ಮೆಲಿಂಗ್ ನಾಜಿ ಪಕ್ಷ ಸೇರಿದವನಲ್ಲ. ಅದೇ 1938ರ ನವೆಂಬರ್‌ನಲ್ಲಿ ಯೆಹೂದಿಗಳ ಮೇಲೆ ದಾಳಿ ಶುರುವಾದಾಗ ಇಬ್ಬರು ಯೆಹೂದಿ ಹುಡುಗರನ್ನು ತನ್ನ ಹೋಟೆಲ್ ಕೋಣೆಯಲ್ಲಿ ಅಡಗಿಸಿ ಉಳಿಸಿದವನು.

ಇಲ್ಲಿವರೆಗಿನದು ಗುರುಗಳು ಹೇಳಿದ ಕತೆ. ಇನ್ನು ಮುಂದಿನದು ಬ್ಯಾಂಕಿನವನು ಓದಿದ ಕತೆ.

ಲೂಯಿಸ್‌ನ ಪಂದ್ಯಗಳಿಂದ ಅವನ ಹೆಸರಿಗೆ ಬಂದದ್ದು ಒಟ್ಟು 46 ಲಕ್ಷ ಡಾಲರ್‌ಗಿಂತ ಜಾಸ್ತಿ. ಅವನ ಕೈಗೆ ಸಿಕ್ಕಿದ್ದು ಸುಮಾರು 8 ಲಕ್ಷ. ಉಳಿದದ್ದು ಮ್ಯಾನೇಜರುಗಳಿಗೆ, ಪಂದ್ಯ ಏರ್ಪಡಿಸುವ ಪ್ರೊಮೋಟರ್‌ಗೆ, ಖರ್ಚಿಗೆ. ಆ ಎಂಟು ಲಕ್ಷವನ್ನಾದರೂ ಇಟ್ಟುಕೊಂಡನಾ? ತಾಯಿಗೆ, ಒಡಹುಟ್ಟಿದವರಿಗೆ ಮನೆ, ಕಾರು, ಓದಿನ ಖರ್ಚು. ಹೋಟೆಲ್ ಹಾಕಿದ, ಮುಳುಗಿತು. ಇನ್ಶೂರೆನ್ಸ್ ಕಂಪನಿ, ಹಾಲಿನ ಕಂಪನಿ, ತನ್ನ ಹೆಸರಿನದೇ ಒಂದು ಪಾನೀಯ, ಗೆಳೆಯರಿಗಾಗಿ ಸಾಫ್ಟ್‌ಬಾಲ್ ತಂಡ, ಕುದುರೆಗಳು. ಯಾವುದೂ ನಿಲ್ಲಲಿಲ್ಲ. ಬೀದಿಯಲ್ಲಿ ಕೈಚಾಚಿದವರಿಗೂ ನೋಟು ಕೊಡುತ್ತಿದ್ದ. ಇದರಲ್ಲಿ ನನಗೆ ಕಣ್ಣು ತುಂಬಿ ಬರುವ ವಿಷಯ ಒಂದುಂಟು. ಅವನು ಸಣ್ಣವನಿದ್ದಾಗ, ಕೆಲಸ ಇಲ್ಲದ ಕಷ್ಟಕಾಲದಲ್ಲಿ, ಡೆಟ್ರಾಯಿಟ್ ನಗರ ಬಡವರಿಗೆ ಕೊಡುತ್ತಿದ್ದ ಪರಿಹಾರದ ದುಡ್ಡು ಅವನ ಮನೆಗೂ ಬರುತ್ತಿತ್ತು. ದುಡಿಯಲು ಶುರುಮಾಡಿದ ಮೇಲೆ ಲೂಯಿಸ್ ಅದನ್ನೆಲ್ಲ ಲೆಕ್ಕ ಹಾಕಿ ನಗರಕ್ಕೆ ವಾಪಸ್ ಕಟ್ಟಿದ. ಯಾರೂ ಕೇಳಿರಲಿಲ್ಲ. ಋಣ ಇಟ್ಟುಕೊಳ್ಳಬಾರದು ಅಂತ ಕಟ್ಟಿದ. ಅಂಥವನನ್ನು ಆಮೇಲೆ ಸಾಲಗಾರ ಅಂತ ಇಡೀ ದೇಶ ಪೇಪರ್‌ನಲ್ಲಿ ಓದಿತು.

ನಿಮಗೆ ಪಿಗ್ಮಿ ಗೊತ್ತಲ್ಲ? ಇದೇ ಉಡುಪಿಯಲ್ಲಿ 1925ರಲ್ಲಿ ಶುರುವಾದ ಬ್ಯಾಂಕ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಮೀನು ಮಾರುವ ಅಮ್ಮ, ಬೀಡಿ ಕಟ್ಟುವ ಅಕ್ಕ, ನೇಕಾರರು, ಯಾರು ಬೇಕಾದರೂ. ಆ 1928ರಲ್ಲಿ ಲೂಯಿಸ್ ಹದಿನಾಲ್ಕು ವರ್ಷದ ಹುಡುಗ. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಆದರೆ ಪಿಗ್ಮಿ ಪುಸ್ತಕದಲ್ಲಿ ಇವತ್ತಿನ ಅಂಕಿ ಬಿತ್ತಾ ಇಲ್ಲವಾ ಅಂತ ಏಜೆಂಟ್ ಎದುರಿಗೇ ನೋಡಿ, ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದಳು. ಲೂಯಿಸ್‌ನ ಸುತ್ತ ಅಷ್ಟು ಜನ ಇದ್ದರು. ವಕೀಲರಿದ್ದರು, ಲೆಕ್ಕಿಗರಿದ್ದರು. ಆದರೆ "ಇವತ್ತು ಎಷ್ಟು ಬಂತು, ಎಷ್ಟು ಉಳಿಯಿತು, ಇಲ್ಲಿ ನೋಡಿಕೋ ಮಗ" ಅಂತ ಪುಸ್ತಕ ಅವನ ಕೈಗೆ ಕೊಟ್ಟವರು ಒಬ್ಬರೂ ಇರಲಿಲ್ಲ. ಪ್ರೊಮೋಟರ್ ಮೈಕ್ ಜೇಕಬ್ಸ್ ಹತ್ತಿರ ಕೇಳಿದಾಗಲೆಲ್ಲ ಮುಂಗಡ ಸಿಗುತ್ತಿತ್ತು. ಮುಂಗಡ ತೀರಿಸಲು ಇನ್ನೊಂದು ಪಂದ್ಯ. 1940ರ ಕೊನೆಯಿಂದ 1941ರ ಜೂನ್‌ವರೆಗೆ ಏಳು ತಿಂಗಳಲ್ಲಿ ಏಳು ಸಲ ಪಟ್ಟಕ್ಕಾಗಿ ಆಡಿದ. ಈಗಿನ ಚಾಂಪಿಯನ್‌ಗಳು ವರ್ಷಕ್ಕೆ ಎರಡು ಆಡಿದರೆ ಜಾಸ್ತಿ.

ಆಮೇಲೆ ಯುದ್ಧ ಬಂತು. 1942ರ ಜನವರಿ 9ರಂದು ಬಡ್ಡಿ ಬೇರ್ ಎಂಬ ಬಾಕ್ಸರ್ ಜೊತೆ ಆಡಿದ, ತನ್ನ ಪಾಲಿನ ಸುಮಾರು 47 ಸಾವಿರ ಡಾಲರನ್ನು ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟ. ಅದರ ಬೆನ್ನಿಗೇ ಸೈನ್ಯಕ್ಕೆ ಸೇರಿದ, ಮಾಮೂಲಿ ಸಿಪಾಯಿಯಾಗಿ. ಮಾರ್ಚ್‌ನಲ್ಲಿ ಏಬ್ ಸೈಮನ್ ಜೊತೆ ಇನ್ನೊಂದು ಪಂದ್ಯ, 36 ಸಾವಿರ ಭೂಸೇನೆಯ ನಿಧಿಗೆ. ಆ ನೌಕಾಪಡೆಯಲ್ಲಿ ಆಗ ಕಪ್ಪು ಜನರಿಗೆ ಸಿಗುತ್ತಿದ್ದ ಕೆಲಸ ಊಟ ಬಡಿಸುವುದು, ಪಾತ್ರೆ ತೊಳೆಯುವುದು. ಅವರಿಗ್ಯಾಕೆ ಕೊಡ್ತೀಯ ಅಂತ ಅವನ ಜನರೇ ಕೇಳಿದರು. ಆದರೂ ಕೊಟ್ಟ. ಮೂರೂವರೆ ವರ್ಷ ಸಿಪಾಯಿಗಳ ಮುಂದೆ 96 ಪ್ರದರ್ಶನ ಪಂದ್ಯ ಆಡಿದ. ಕಪ್ಪು ಸಿಪಾಯಿಗಳನ್ನು ಬೇರೆ ಕೂರಿಸಿದರೆ ಆಡುವುದಿಲ್ಲ ಅಂತ ಪಟ್ಟು ಹಿಡಿದ. ಮುಂದೆ ಬೇಸ್‌ಬಾಲ್‌ನಲ್ಲಿ ದೊಡ್ಡ ಹೆಸರಾದ ಜ್ಯಾಕಿ ರಾಬಿನ್ಸನ್ ಅದೇ ಕ್ಯಾಂಪಿನಲ್ಲಿದ್ದ, ಕಪ್ಪು ಅಂತ ಅಧಿಕಾರಿ ತರಬೇತಿಗೆ ಸೇರಿಸಿರಲಿಲ್ಲ. ಲೂಯಿಸ್ ಮೇಲಿನವರಿಗೆ ಹೇಳಿಸಿ ದಾರಿ ಮಾಡಿಕೊಟ್ಟ.

ಈಗ ಸರಿಯಾಗಿ ಕೇಳಿ, ಬ್ಯಾಂಕಿನವನಾಗಿ ಹೇಳುತ್ತಿದ್ದೇನೆ. ಅವನು ದಾನ ಕೊಟ್ಟ ಆ ದುಡ್ಡನ್ನು ತೆರಿಗೆ ಇಲಾಖೆ ಅವನ ಆದಾಯ ಅಂತ ಲೆಕ್ಕಕ್ಕೆ ಹಿಡಿಯಿತು. ಕೈಗೆ ಒಂದು ಡಾಲರೂ ಬರಲಿಲ್ಲ, ತೆರಿಗೆ ಬಂತು. ಯುದ್ಧದ ವರ್ಷಗಳಲ್ಲಿ ಸಿಪಾಯಿ ಸಂಬಳ ಬಿಟ್ಟರೆ ಅವನಿಗೆ ದೊಡ್ಡ ಸಂಪಾದನೆ ಇಲ್ಲ, ಮ್ಯಾನೇಜರ್ ಮತ್ತು ಪ್ರೊಮೋಟರ್ ಹತ್ತಿರ ಸಾಲ ಬೆಳೆಯಿತು. 1946ರ ಜೂನ್‌ನಲ್ಲಿ ಬಿಲ್ಲಿ ಕಾನ್ ಜೊತೆ ಆಡಿ ಗೆದ್ದ, ಅವನ ಪಾಲು 6 ಲಕ್ಷ ಡಾಲರ್. ಮ್ಯಾನೇಜರುಗಳು, ಬಿಟ್ಟುಹೋದ ಹೆಂಡತಿ, ಹಳೇ ಸಾಲ ಅಂತ ಹಂಚಿ ಹೋಯಿತು. 1950ರಲ್ಲಿ ಇಲಾಖೆ ಪೂರ್ತಿ ತಪಾಸಣೆ ಮುಗಿಸಿ, ಬಡ್ಡಿ ದಂಡ ಸೇರಿ 5 ಲಕ್ಷ ಡಾಲರ್‌ಗಿಂತ ಜಾಸ್ತಿ ಬಾಕಿ ಅಂತ ಹೇಳಿತು.

ಹಳೇ ಬಾಕಿ ಕಟ್ಟಲು ಹೊಸದಾಗಿ ದುಡಿಯಬೇಕು. ಹೊಸದಾಗಿ ದುಡಿದದ್ದಕ್ಕೆ ಹೊಸ ತೆರಿಗೆ. ಆಗ ಅಲ್ಲಿ ಅತಿ ಹೆಚ್ಚಿನ ಆದಾಯದ ಮೇಲಿನ ದರ ನೂರಕ್ಕೆ ತೊಂಬತ್ತರ ಆಸುಪಾಸು. ಮಿಕ್ಕಿದ ಹತ್ತರಲ್ಲಿ ಹಳೇ ಬಾಕಿಯ ಬಡ್ಡಿಯೂ ಹುಟ್ಟುವುದಿಲ್ಲ. ಬಾವಿಯಿಂದ ನೀರು ಸೇದುತ್ತಲೇ ಇದ್ದೀರಿ, ಕೊಡಕ್ಕೆ ತಳವೇ ಇಲ್ಲ. ಹೀಗೆ ನಿವೃತ್ತಿ ಆಗಿದ್ದವನು 36ನೇ ವಯಸ್ಸಿನಲ್ಲಿ ಮತ್ತೆ ರಿಂಗಿಗೆ ಬಂದ. 1950ರ ಸೆಪ್ಟೆಂಬರ್‌ನಲ್ಲಿ ಎಝರ್ಡ್ ಚಾರ್ಲ್ಸ್ ಎದುರು ಹದಿನೈದು ಸುತ್ತು ಆಡಿ ಸೋತ. 1951ರ ಅಕ್ಟೋಬರ್ 26ರಂದು ರಾಕಿ ಮಾರ್ಸಿಯಾನೊ, ಲೂಯಿಸ್‌ಗಿಂತ ಒಂಬತ್ತು ವರ್ಷ ಚಿಕ್ಕವನು, ಎಂಟನೇ ಸುತ್ತಿನಲ್ಲಿ ಹೊಡೆದ ಹೊಡೆತಕ್ಕೆ ಲೂಯಿಸ್ ಹಗ್ಗದ ಸಂದಿಯಿಂದ ಹೊರಗೆ ಬಿದ್ದ. ಬೋಳಾಗುತ್ತಿದ್ದ ನೆತ್ತಿ, ಒಂದು ಕಾಲು ಇನ್ನೂ ಒಳಗೆ. ಗೆದ್ದ ಮಾರ್ಸಿಯಾನೊ ಆಮೇಲೆ ಅತ್ತನಂತೆ. ಅವನಿಗೂ ಲೂಯಿಸ್ ಅಂದರೆ ದೇವರು.

1953ರಲ್ಲಿ ತಾಯಿ ಲಿಲ್ಲಿ ತೀರಿಕೊಂಡರು. ಮಗನಿಗೆ ಅಂತ ಬರೆದಿಟ್ಟಿದ್ದು 667 ಡಾಲರ್. ಪಿಟೀಲು ಪಾಠಕ್ಕೆ ಚಿಲ್ಲರೆ ಕೂಡಿಸಿ ಕೊಟ್ಟ ತಾಯಿ ಅದು. ತೆರಿಗೆ ಇಲಾಖೆ ಅದನ್ನೂ ಎತ್ತಿಕೊಂಡಿತು.

(ಇಲ್ಲಿ ಸ್ವಲ್ಪ ಹೊತ್ತು ಮಾತು ನಿಲ್ಲಿಸಿದೆ. ಮುಂದಿನದನ್ನು ಹೇಳಬೇಕಾ ಬೇಡವಾ ಅಂತ ಮನಸ್ಸು ಹೊಯ್ದಾಡುತ್ತಿತ್ತು.)

ನಾನು ಒಂದು ಸಣ್ಣ ಶಾಖೆಯಲ್ಲಿ ಇದ್ದಾಗ ಒಬ್ಬರು ಕೌಂಟರಿಗೆ ಬಂದರು. ನಮ್ಮ ಕಡೆ ರಾತ್ರಿಯಿಡೀ ಹೊನಲು ಬೆಳಕಿನ ಕಬಡ್ಡಿ ಆಗುತ್ತದಲ್ಲ, ಅಲ್ಲಿ ಅವರ ರೈಡ್ ನೋಡಲು ನಾನೂ ಗದ್ದೆಯ ಕಟ್ಟಪುಣಿಯ ಮೇಲೆ ನಿಂತವನು. ಮೊಣಕಾಲು ಹೋಗಿತ್ತು, ಕುಂಟುತ್ತಾ ಬಂದರು. ಪ್ಲಾಸ್ಟಿಕ್ ತೊಟ್ಟೆಯಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು, ಕೌಂಟರ್ ಮೇಲೆ ಅಂಗೈಯಿಂದ ಒತ್ತಿ ಒತ್ತಿ ಬಿಡಿಸಿದರು. ಹೆಬ್ಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. "ಇದರಲ್ಲಿ ಎಂತ ಬರೆದಿದ್ದಾರೆ ಸರ್?" ಅಂದರು. ಅದು ನಮ್ಮ ಶಾಖೆಯದ್ದೇ ನೋಟಿಸ್. ಮೂವರು ಗೆಳೆಯರ ಸಾಲಕ್ಕೆ ಜಾಮೀನು ಸಹಿ ಹಾಕಿದ್ದರು, ಮೂವರೂ ಕಟ್ಟಿರಲಿಲ್ಲ. ಸಹಿ ಹಾಕಿದ ದಿನ ಆ ಕಾಗದವನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಆ ದಿನ ಎದುರು ಕೂತಿದ್ದವನು ನಾನೇ. "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟಿದ್ದೆ. ಅವರು ಮನೆಯ ಹಿಂದಿನ ಹತ್ತು ಸೆಂಟ್ಸ್ ಜಾಗ ಮಾರಿ ತೀರಿಸಿದರು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ಲೂಯಿಸ್‌ನ ಕತೆ ಹೇಳಬೇಕು ಅಂತ ನನಗೆ ಅನ್ನಿಸುವುದು ಅದಕ್ಕೇ.

ಮನೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಲೂಯಿಸ್‌ನ ಪರ ವಾದ ಮಾಡುವುದಿಲ್ಲ. 1935ರ ಸೆಪ್ಟೆಂಬರ್ 24ರಂದು ಮ್ಯಾಕ್ಸ್ ಬೇರ್ ಜೊತೆಗಿನ ಪಂದ್ಯಕ್ಕೆ ಕೆಲವೇ ಗಂಟೆ ಮೊದಲು ಮಾರ್ವಾ ಟ್ರಾಟರ್‌ಳನ್ನು ಮದುವೆಯಾದ. ಅವಳು ಮದುಮಗಳ ಸಂಭ್ರಮದಲ್ಲೇ ರಿಂಗಿನ ಹತ್ತಿರ ಕೂತು ನೋಡಿದಳು. ಆಮೇಲಿನ ವರ್ಷಗಳಲ್ಲಿ ಅವನು ಮನೆಯಲ್ಲಿ ಇದ್ದದ್ದು ಎಷ್ಟು? ಕ್ಯಾಂಪ್, ಪಂದ್ಯ, ಗಾಲ್ಫ್, ಬೇರೆ ಹೆಂಗಸರ ಸಹವಾಸ. ಅದನ್ನು ಅವನೇ ಕೊನೆಗಾಲದಲ್ಲಿ ಒಪ್ಪಿಕೊಂಡ. ಫೋಟೊ ಮಾತ್ರ ತೆಗೆಸಬಾರದು ಅಂತ ಕಟ್ಟಳೆ ಇತ್ತಲ್ಲ, ಫೋಟೊ ತೆಗೆಸಲಿಲ್ಲ, ಅಷ್ಟೇ. 1945ರಲ್ಲಿ ವಿಚ್ಛೇದನ, 1946ರಲ್ಲಿ ಅವಳನ್ನೇ ಮತ್ತೆ ಮದುವೆ, 1949ರಲ್ಲಿ ಮತ್ತೆ ವಿಚ್ಛೇದನ. ಎರಡು ಮಕ್ಕಳು. ಅಪ್ಪ ಇಲ್ಲದೆ ಬೆಳೆದವನು ತನ್ನ ಮಕ್ಕಳಿಗೂ ಪೇಪರ್‌ನಲ್ಲಿ ಕಾಣುವ ಅಪ್ಪನೇ ಆದ. ಇದಕ್ಕೆ ತೆರಿಗೆ ಇಲಾಖೆಯನ್ನು ದೂರಲು ಆಗುವುದಿಲ್ಲ. 1955ರ ಕ್ರಿಸ್‌ಮಸ್ ದಿನ ರೋಸ್ ಮಾರ್ಗನ್ ಎಂಬ, ಸೌಂದರ್ಯ ಸಾಧನಗಳ ವ್ಯಾಪಾರದಲ್ಲಿ ಹೆಸರು ಮಾಡಿದ್ದ ಹೆಂಗಸಿನ ಜೊತೆ ಮದುವೆ. ಅದೂ ಮೂರು ವರ್ಷದೊಳಗೆ ಮುಗಿಯಿತು.

1956ರಲ್ಲಿ ದುಡ್ಡಿಗಾಗಿ ಕುಸ್ತಿಗೆ ಇಳಿದ. ನಿಜವಾದ ಕುಸ್ತಿ ಅಲ್ಲ, ಟಿವಿಯಲ್ಲಿ ನೀವು ನೋಡುವ ತರಹದ್ದು, ಯಾರು ಬೀಳಬೇಕು ಅಂತ ಮೊದಲೇ ಮಾತಾಗಿರುವ ಆಟ. ಕೃತಕ ಪಂದ್ಯ ಎಂದೂ ಆಡಬಾರದು ಅಂತ ಕಲಿತಿದ್ದವನು! ಅದರಲ್ಲೂ ದೈತ್ಯನಂಥ ಒಬ್ಬ ಎದೆಯ ಮೇಲೆ ಬಿದ್ದು ಪಕ್ಕೆ ಮುರಿದು ಹೃದಯಕ್ಕೆ ಪೆಟ್ಟಾಯಿತು.

ಅವನ ಬದುಕಿನಲ್ಲಿ ಕೊನೆಗೂ ಪುಸ್ತಕ ತೆರೆದು ನೋಡಿದವಳು ಒಬ್ಬಳು ಬಂದಳು. ಮಾರ್ಥಾ ಜೆಫರ್ಸನ್, ಲಾಸ್ ಏಂಜಲೀಸ್‌ನ ವಕೀಲೆ. 1959ರಲ್ಲಿ ಮದುವೆ. ಆಗ ಬಾಕಿ 10 ಲಕ್ಷ ಡಾಲರ್ ದಾಟಿತ್ತು. ಇಲಾಖೆಯವರು ಕೊನೆಗೆ, ಹಳೆಯದಕ್ಕೆ ಬೆನ್ನು ಹತ್ತುವುದಿಲ್ಲ, ಈಗ ದುಡಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಲಿ ಅಂತ ಒಪ್ಪಿದರು. ಹತ್ತು ವರ್ಷ ಮೊದಲೇ ಹೀಗೆ ಮಾಡಿದ್ದರೆ ಆ ಮನುಷ್ಯ ಮಾರ್ಸಿಯಾನೊ ಎದುರು ಹಗ್ಗದಿಂದ ಹೊರಗೆ ಬೀಳಬೇಕಾಗಿರಲಿಲ್ಲ. ನನಗೆ ಇಂದಿಗೂ ಸಿಟ್ಟು ಬರುತ್ತದೆ ಮಾರಾಯ್ರೆ.

ಸಾಲದ ಕಾಟ ಕಡಿಮೆಯಾಗುವಾಗ ತಲೆಯೊಳಗೆ ಬೇರೆ ಕಾಟ ಶುರುವಾಗಿತ್ತು. ಕೊಕೇನ್ ಹಿಡಿದಿತ್ತು. 1969ರಲ್ಲಿ ನ್ಯೂಯಾರ್ಕ್‌ನ ಬೀದಿಯಲ್ಲಿ ಕುಸಿದು ಬಿದ್ದ. ಯಾರೋ ತನ್ನನ್ನು ಕೊಲ್ಲಲು ಕಾಯುತ್ತಿದ್ದಾರೆ, ಕೋಣೆಯೊಳಗೆ ವಿಷದ ಗಾಳಿ ಬಿಡುತ್ತಿದ್ದಾರೆ ಅಂತ ಭಯ. ಹೋಟೆಲಿಗೆ ಹೋದರೆ ಗಾಳಿ ಬರುವ ಕಿಂಡಿಗಳನ್ನೆಲ್ಲ ಮುಚ್ಚುತ್ತಿದ್ದ. ಯೋಚನೆ ಮಾಡಿ. 70 ಸಾವಿರ ಜನರ ಮಧ್ಯೆ ರೆಪ್ಪೆ ಅಲುಗಿಸದೆ ನಿಂತವನು ಗೋಡೆಯ ಕಿಂಡಿಗೆ ಹೆದರುತ್ತಿದ್ದಾನೆ. 1970ರಲ್ಲಿ ಮಾರ್ಥಾ ಮತ್ತು ಮಗ ಸೇರಿ ಡೆನ್ವರ್‌ನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಐದು ತಿಂಗಳು ಇದ್ದ. ಅಪ್ಪನಿಗೆ ಆದದ್ದೇ. ಒಂದು ವ್ಯತ್ಯಾಸ ಉಂಟು. ಇವನನ್ನು ಮನೆಗೆ ಕರೆದುಕೊಂಡು ಬರಲು ಹೆಂಡತಿ ಇದ್ದಳು. ನಮ್ಮೂರಿನಲ್ಲೂ ಇಂಥ ಕಾಯಿಲೆ ಬಂದರೆ ಮೊದಲು ದರ್ಶನಕ್ಕೆ ಓಡುತ್ತೇವೆ, ಆಮೇಲೆ ಬಾಗಿಲು ಹಾಕಿ ಮುಚ್ಚಿಡುತ್ತೇವೆ. ಮಾರ್ಥಾ ಮುಚ್ಚಿಡಲಿಲ್ಲ. ಅವಳ ಹೆಸರು ನೆನಪಿಟ್ಟುಕೊಳ್ಳಿ ಅಂತ ಇಲ್ಲಿರುವ ತಾಯಂದಿರಿಗೆ, ತಂಗಿಯಂದಿರಿಗೆ ಹೇಳುತ್ತೇನೆ.

ಆಮೇಲೆ ಲಾಸ್ ವೇಗಸ್‌ನಲ್ಲಿ ಸೀಸರ್ಸ್ ಪ್ಯಾಲೆಸ್ ಎಂಬ ಜೂಜಿನ ಹೋಟೆಲಿನ ಬಾಗಿಲಲ್ಲಿ ಬಂದವರ ಕೈಕುಲುಕುವ ಕೆಲಸ. ಕೆಲವರು ಅದನ್ನು ಅವಮಾನ ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಸಂಬಳ ಬರುತ್ತಿತ್ತು, ಗೆಳೆಯರಿದ್ದರು, ಗಾಲ್ಫ್ ಇತ್ತು. 1977ರಲ್ಲಿ ಹೃದಯದ ಆಪರೇಷನ್ ಆಗಿ, ಪಾರ್ಶ್ವವಾಯು ಹೊಡೆದು, ಗಾಲಿಕುರ್ಚಿಗೆ ಬಂದ. 1981ರ ಏಪ್ರಿಲ್ 11ರಂದು ಅದೇ ಹೋಟೆಲಿನಲ್ಲಿ ಲ್ಯಾರಿ ಹೋಮ್ಸ್‌ನ ಪಂದ್ಯ ನೋಡಲು ಬಂದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮರುದಿನ ತೀರಿಕೊಂಡ. 66 ವರ್ಷ.

ಆರ್ಲಿಂಗ್ಟನ್‌ನ ಸೈನಿಕರ ಸ್ಮಶಾನದಲ್ಲಿ ಹೂಳಲು ನಿಯಮದಲ್ಲಿ ಅವಕಾಶ ಇರಲಿಲ್ಲ, ಅಧ್ಯಕ್ಷ ರೇಗನ್ ನಿಯಮ ಸಡಿಲ ಮಾಡಿದರು. ಅಂತ್ಯಕ್ರಿಯೆಯ ಖರ್ಚಿನಲ್ಲಿ ಒಂದು ಪಾಲು ಕೊಟ್ಟವನು ಯಾರು ಗೊತ್ತಾ? ಮ್ಯಾಕ್ಸ್ ಶ್ಮೆಲಿಂಗ್. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಕೋಕಾಕೋಲಾ ವ್ಯಾಪಾರ ಹಿಡಿದು ಚೆನ್ನಾಗಿ ಬದುಕಿದ, 1954ರಲ್ಲಿ ಹುಡುಕಿಕೊಂಡು ಬಂದು ಲೂಯಿಸ್‌ನನ್ನು ಕಂಡ, ಆಮೇಲೆ ಕೊನೆಯವರೆಗೂ ಗೆಳೆಯ. 124 ಸೆಕೆಂಡಿನಲ್ಲಿ ಪೆಟ್ಟು ತಿಂದು ಆಸ್ಪತ್ರೆ ಸೇರಿದ್ದವನು.

ನನ್ನ ಮಾತು ಇಷ್ಟೇ.

(ಚಹಾ ಕೊಡುವಾಗ ಒಬ್ಬ ಹುಡುಗ ಬಂದ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಹಿಂದೆ ಅವನ ಅಮ್ಮ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ. ಯಾವುದೋ ತಂಡದವರು ಮೊಬೈಲಿಗೆ ಕರಾರುಪತ್ರ ಕಳಿಸಿದ್ದಾರೆ, ನಾಳೆ ಬೆಳಿಗ್ಗೆ ಸಹಿ ಮಾಡಿ ಕಳಿಸಬೇಕು ಅಂದ. "ಓದಿದ್ದೀಯಾ?" ಅಂತ ಕೇಳಿದೆ. "ಹನ್ನೊಂದು ಪೇಜ್ ಉಂಟು ಸರ್" ಅಂದ. ಮೂವರೂ ಬೆಂಚಿನ ಮೇಲೆ ಕೂತೆವು, ಅಮ್ಮನನ್ನು ನಡುವೆ ಕೂರಿಸಿ. ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ನಾಲ್ಕನೇ ಪುಟಕ್ಕೆ ಬರುವಾಗ ಹಾಲ್ ಖಾಲಿಯಾಗಿತ್ತು, ಕುರ್ಚಿ ಮಡಚುವವರು ನಮ್ಮ ಬೆಂಚನ್ನು ಬಿಟ್ಟು ಉಳಿದದ್ದನ್ನೆಲ್ಲ ಒಳಗೆ ಇಟ್ಟರು. "ಈ ನಾಲ್ಕನೇ ಪೇಜಿನದ್ದು ಇನ್ನೊಮ್ಮೆ ಹೇಳಿ" ಅಂದರು ಅಮ್ಮ.)